ನಿಲ್ದಾಣದಿಂದ ಮನೆಯವರೆಗೆ: ಕರೆದಾಗ ಬರುವ ವ್ಯಾನ್‌ಗೆ ಸಾರ್ವಜನಿಕ ಹಣ ಕೊಡಬೇಕೇ?

ಪರ: ಮನೆಯ ಹತ್ತಿರಕ್ಕೆ ಬರುವ ವಾಹನವಿಲ್ಲದೆ ರೈಲು ಅರ್ಧ ಸೇವೆ

ಉಪನಗರ ರೈಲಿಗೆ ಎಷ್ಟೇ ಹಣ ಸುರಿದರೂ ನಿಲ್ದಾಣದಿಂದ ಮೂರು ಕಿಲೋಮೀಟರ್ ಆಚೆ ಇರುವ ಮನೆಗೆ ಅದರ ಪ್ರಯೋಜನ ಮುಟ್ಟುವುದಿಲ್ಲ. ಜನ ರೈಲು ನಿಲ್ದಾಣಕ್ಕೆ ಸುಮಾರು 800 ಮೀಟರ್‌ವರೆಗೆ, ಬಸ್ ನಿಲ್ದಾಣಕ್ಕೆ 400 ಮೀಟರ್‌ವರೆಗೆ ನಡೆದು ಬರುತ್ತಾರೆ ಎಂಬುದು ಸಾರಿಗೆ ಯೋಜಕರು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಉಪನಗರದ ಬಡಾವಣೆಗಳಾದರೋ ಈ ಲೆಕ್ಕಕ್ಕೆ ಸಿಗುವಂಥವಲ್ಲ. ಸುತ್ತಿ ಬಳಸುವ ರಸ್ತೆಗಳು, ಗೋಡೆಯಲ್ಲಿ ಮುಗಿಯುವ ಬೀದಿಗಳು, ನಡುವೆ ದಾಟಲಾಗದ ಹೆದ್ದಾರಿ. ಇಂಥಲ್ಲಿ ದೊಡ್ಡ ಬಸ್ ಓಡಿಸಿದರೆ ಮಧ್ಯಾಹ್ನದ ಹೊತ್ತು ಅದು ಖಾಲಿ ಸೀಟುಗಳನ್ನು ಹೊತ್ತು ತಿರುಗುತ್ತದೆ. ಎಂಟು ಸೀಟಿನ ವ್ಯಾನ್ ಮೊಬೈಲ್‌ನಲ್ಲಿ ಕರೆದವರ ಬಳಿಗೆ ಮಾತ್ರ ಹೋಗುತ್ತದೆ.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ರಾತ್ರಿ. ಆಸ್ಪತ್ರೆಯ ಪಾಳಿ ಮುಗಿಸಿದ ದಾದಿಯೊಬ್ಬರು ಹತ್ತೂವರೆಯ ರೈಲಿನಿಂದ ಇಳಿಯುತ್ತಾರೆ ಎಂದುಕೊಳ್ಳಿ. ನಿಲ್ದಾಣದ ಹೊರಗಿನ ಕಂಬದ ಮೇಲೆ ಬಸ್ ವೇಳಾಪಟ್ಟಿ ಇದೆ. ಒಂಬತ್ತು ಗಂಟೆಯ ಕೆಳಗೆ ಏನೂ ಬರೆದಿಲ್ಲ. ಆಟೊ ಇಲ್ಲ, ಎದುರಿನ ರಸ್ತೆಯಲ್ಲಿ ದೀಪವಿಲ್ಲ. ಇದು ಒಂದು ರಾತ್ರಿಯ ಕಷ್ಟವಾಗಿ ಉಳಿಯುವುದಿಲ್ಲ. ಮನೆಯಿಂದ ಹೊರಡುವಾಗಲೇ ವಾಪಸು ಬರುವುದು ಹೇಗೆ ಎಂಬ ಲೆಕ್ಕ ಹಾಕಬೇಕಾಗುತ್ತದೆ. ಮಾರನೆಯ ದಿನ ಅವರು ಸ್ಕೂಟರ್‌ನಲ್ಲೇ ಹೊರಡುತ್ತಾರೆ. ರಾತ್ರಿ ಇಲ್ಲದ ಒಂದು ಸಂಪರ್ಕದಿಂದಾಗಿ ರೈಲು ಹಗಲಿನ ಪ್ರಯಾಣಿಕರನ್ನೂ ಕಳೆದುಕೊಳ್ಳುತ್ತದೆ. ವಾಹನ ಓಡಿಸಲಾರದ ವೃದ್ಧರಿಗೆ, ಗಾಲಿಕುರ್ಚಿಯವರಿಗೆ, ಹದಿಹರೆಯದವರಿಗೆ ಸ್ಕೂಟರ್ ಎಂಬ ಆಯ್ಕೆಯೂ ಇಲ್ಲ; ಅವರು ಮನೆಯಲ್ಲೇ ಉಳಿಯುತ್ತಾರೆ.

ಇದು ಕಾಗದದ ಮೇಲಿನ ಯೋಜನೆಯಷ್ಟೇ ಅಲ್ಲ. ಅಮೆರಿಕದ ಫ್ಲೋರಿಡಾದ ಪಿನೆಲಾಸ್ ಕೌಂಟಿಯ ಸಾರಿಗೆ ಸಂಸ್ಥೆ 2016ರಲ್ಲಿ ಊಬರ್ ಮತ್ತು ಟ್ಯಾಕ್ಸಿ ಕಂಪನಿಯ ಜೊತೆಗೂಡಿ, ಗೊತ್ತುಪಡಿಸಿದ ಬಸ್ ನಿಲ್ದಾಣಗಳಿಗೆ ಹೋಗಿಬರುವ ಸವಾರಿಯ ದರದಲ್ಲಿ ಒಂದು ಪಾಲನ್ನು ತಾನೇ ಭರಿಸಲು ಶುರುಮಾಡಿತು. ಗಾಲಿಕುರ್ಚಿ ಏರಿಸಬಲ್ಲ ವಾಹನವನ್ನೂ ಅದರಲ್ಲಿ ಸೇರಿಸಿತು.

‘ಸಬ್ಸಿಡಿ ಏಕೆ’ ಎನ್ನುವವರು ನಿಲ್ದಾಣದ ಪಾರ್ಕಿಂಗ್ ಜಾಗವನ್ನು ಒಮ್ಮೆ ನೋಡಬೇಕು. ಓಡಾಡುವ ದಾರಿಯನ್ನೂ ಸೇರಿಸಿದರೆ ಒಂದು ಕಾರಿಗೆ ಸುಮಾರು 25 ಚದರ ಮೀಟರ್ ನೆಲ ಬೇಕು. ಬೆಳಿಗ್ಗೆ ಎಂಟಕ್ಕೆ ಬಂದ ಕಾರು ಸಂಜೆ ಆರರವರೆಗೆ ಅಲ್ಲೇ ನಿಂತಿರುತ್ತದೆ. ಬಂದವನು ಹೆಚ್ಚಾಗಿ ಒಬ್ಬನೇ. ಅತ್ಯಂತ ಬೆಲೆಬಾಳುವ ಆ ನೆಲವನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟರೆ ಅದೂ ಸಬ್ಸಿಡಿಯೇ, ಕಾರು ಇರುವವರಿಗೆ ಮಾತ್ರ ಸಿಗುವ ಸಬ್ಸಿಡಿ. ಅದರ ಒಂದಂಶವನ್ನು ಕಾರು ಇಲ್ಲದವರ ವ್ಯಾನ್‌ಗೆ ತಿರುಗಿಸಿ ಎಂದಷ್ಟೇ ಕೇಳುತ್ತಿದ್ದೇನೆ.

ವಿರೋಧ: ಜನ ಹೆಚ್ಚಿದಷ್ಟೂ ಸೋಲುವ ಸೇವೆ ಇದು

ಬಸ್ಸಿನಲ್ಲಿ ಜನ ಹೆಚ್ಚಿದರೆ ತಲಾ ಖರ್ಚು ಇಳಿಯುತ್ತದೆ. ಕರೆದಾಗ ಬರುವ ವಾಹನದ ಸ್ವಭಾವವೇ ಬೇರೆ: ಪ್ರತಿ ಹೊಸ ಪ್ರಯಾಣಿಕ ಎಂದರೆ ಹೊಸ ತಿರುವು, ಹೊಸ ಬೀದಿ. ಸ್ವಲ್ಪ ಕಾಲದಲ್ಲೇ ಹೊಸ ವಾಹನ, ಹೊಸ ಚಾಲಕ.

ಕೆನಡಾದ ಆಂಟೇರಿಯೊ ಪ್ರಾಂತ್ಯದ ಇನಿಸ್ಫಿಲ್ ಪಟ್ಟಣ 2017ರಲ್ಲಿ ಬಸ್ ಓಡಿಸುವ ಬದಲು ಊಬರ್ ಸವಾರಿಗೆ ಸಬ್ಸಿಡಿ ಕೊಡತೊಡಗಿತು. ಜನ ಮೆಚ್ಚಿ ಬಳಸಿದರು. ಖರ್ಚು ಏರುತ್ತಲೇ ಹೋಯಿತು. 2019ರಲ್ಲಿ ಆಡಳಿತ ದರ ಹೆಚ್ಚಿಸಿ, ಒಬ್ಬರಿಗೆ ತಿಂಗಳಿಗೆ 30 ಸವಾರಿ ಎಂಬ ಮಿತಿ ಹಾಕಿತು. ತಿಂಗಳಿಗೆ 22 ದಿನ ಕೆಲಸಕ್ಕೆ ಹೋಗಿಬರುವವರಿಗೆ 44 ಸವಾರಿ ಬೇಕು. ಅಂದರೆ ಯಾರಿಗೆ ಸೇವೆ ನಿತ್ಯ ಬೇಕೋ ಅವರಿಗೇ ಅದು ಸಾಲದಾಯಿತು. ಫಿನ್‌ಲ್ಯಾಂಡ್‌ನ ಹೆಲ್ಸಿಂಕಿಯಲ್ಲಿ ಕರೆದಾಗ ಬರುತ್ತಿದ್ದ ಕುಟ್ಸುಪ್ಲುಸ್ ಎಂಬ ಮಿನಿಬಸ್ ಸೇವೆ ಖಾಸಗಿ ಟ್ಯಾಕ್ಸಿಯೂ ಅಲ್ಲ, ಸಾರ್ವಜನಿಕ ಸೇವೆಯೇ. ದುಬಾರಿಯಾಯಿತೆಂದು ಅದನ್ನೂ 2015ರ ಕೊನೆಗೆ ನಿಲ್ಲಿಸಲಾಯಿತು.

ಸಂಜೆಯ ದಟ್ಟಣೆಯನ್ನೇ ತೆಗೆದುಕೊಳ್ಳಿ. ಒಂದು ರೈಲಿನಿಂದ ಇನ್ನೂರು ಮಂದಿ ಒಟ್ಟಿಗೆ ಇಳಿದರೆ ಎಂಟು ಸೀಟಿನ ವ್ಯಾನ್‌ಗಳು, ಎಲ್ಲವೂ ಭರ್ತಿಯಾದರೂ, 25 ಬೇಕು. ಹದಿನೈದು ನಿಮಿಷಕ್ಕೆ ಮುಂದಿನ ರೈಲು ಬರುವಾಗ ಆ ವ್ಯಾನ್‌ಗಳು ಇನ್ನೂ ಬಡಾವಣೆಗಳ ಒಳಗೇ ಇರುತ್ತವೆ. ಐವತ್ತು ಜನರ ಬಸ್ಸಾದರೆ ನಾಲ್ಕು ಸಾಕು. ಪಾರ್ಕಿಂಗ್ ಎಂಬುದೂ ಸಬ್ಸಿಡಿ ಎನ್ನುವ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಆ ಹಣ ಉಳಿದರೆ ಅದು ವ್ಯಾನ್‌ಗಿಂತ ಮೊದಲು ಹೋಗಬೇಕಾದ ಜಾಗಗಳಿವೆ.

ಮೊದಲನೆಯದು ಹಳಿಯ ಆಚೆ ಬದಿಯ ಬಾಗಿಲು. ಎಷ್ಟೋ ನಿಲ್ದಾಣಗಳಿಗೆ ಪ್ರವೇಶ ಒಂದೇ ಕಡೆ. ಆಚೆ ಬದಿಯ ಮನೆಯವರಿಗೆ ಪ್ಲಾಟ್‌ಫಾರಂ ಕಿಟಕಿಯಿಂದಲೇ ಕಾಣುತ್ತದೆ. ಅಲ್ಲಿಗೆ ತಲುಪಲು ಮಾತ್ರ ಬೇಲಿಯ ಉದ್ದಕ್ಕೂ ನಡೆದು, ನೀರು ನಿಂತ ಕೆಳಸೇತುವೆ ದಾಟಿ, ಮತ್ತೆ ಅಷ್ಟೇ ದೂರ ಹಿಂದಕ್ಕೆ ಬರಬೇಕು. ಬೇಲಿಯಲ್ಲಿ ಯಾರೋ ಕತ್ತರಿಸಿದ ಕಂಡಿ, ಅದರ ಮುಂದೆ ಹುಲ್ಲು ಸವೆದ ಕಾಲುದಾರಿ ಕಂಡರೆ ಪಾದಚಾರಿ ಸೇತುವೆ ಎಲ್ಲಿ ಬೇಕೆಂದು ಜನ ತೋರಿಸಿಕೊಟ್ಟಿದ್ದಾರೆ ಎಂದೇ ಅರ್ಥ. ಅಧಿಕಾರಿಗಳು ಆ ಕಂಡಿಯನ್ನು ಮತ್ತೆ ಮತ್ತೆ ಮುಚ್ಚಿಸುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಅಲ್ಲೊಂದು ಮೆಟ್ಟಿಲು, ಇಳಿಜಾರು, ದೀಪ ಬಂದರೆ ನೂರಾರು ಮನೆಗಳು 800 ಮೀಟರ್ ಒಳಗೆ ಬರುತ್ತವೆ. ಅದಕ್ಕೆ ದಿನವೂ ಡೀಸೆಲ್ ಹಾಕಬೇಕಿಲ್ಲ.

ಅದಕ್ಕಿಂತ ದೂರದವರಿಗೆ ಸೈಕಲ್ ಇದೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ನಿಲ್ದಾಣದಲ್ಲಿ 12,500 ಸೈಕಲ್ ನಿಲ್ಲಿಸುವ ತಾಣವಿದೆ, 2019ರಲ್ಲಿ ಪೂರ್ಣಗೊಂಡದ್ದು. ಇಳಿದ ಊರಿನಲ್ಲಿ ಬಾಡಿಗೆ ಸೈಕಲ್ ಸಿಗುವ ವ್ಯವಸ್ಥೆಯೂ ಆ ದೇಶದಲ್ಲಿದೆ.

ಇನ್ನು ರಾತ್ರಿಯ ದಾದಿಯ ವಿಷಯ. ಅವರ ಕಷ್ಟ ನಿಜ. ವ್ಯಾನ್ ಅದಕ್ಕೆ ಒಳ್ಳೆಯ ಉತ್ತರವಲ್ಲ. ಅದು ಬರುವುದು ಐದು ನಿಮಿಷಕ್ಕೋ ನಲವತ್ತು ನಿಮಿಷಕ್ಕೋ ಎಂಬುದು ಆ ಹೊತ್ತಿಗೆ ಬೇರೆ ಯಾರು ಕರೆದಿದ್ದಾರೆ ಎಂಬುದರ ಮೇಲೆ ನಿಂತಿರುತ್ತದೆ. ಮೊಬೈಲ್ ಚಾರ್ಜ್ ಮುಗಿದಿದ್ದರೆ ಅದೂ ಇಲ್ಲ. ಅವರಿಗೆ ಬೇಕಾದದ್ದು ರೈಲಿಗೆ ಹೊಂದಿಸಿದ ಬಸ್. ಸ್ವಿಟ್ಜರ್ಲೆಂಡ್ 1982ರಿಂದ ಇಡೀ ದೇಶದ ರೈಲುಗಳನ್ನು ನಿಗದಿತ ಅಂತರದಲ್ಲಿ ಓಡಿಸುತ್ತ, ಅವುಗಳ ಹೊತ್ತಿಗೆ ಬಸ್ಸುಗಳನ್ನು ಹೊಂದಿಸುತ್ತ ಬಂದಿದೆ. ನಮ್ಮಲ್ಲಿ ರೈಲು ಒಂದು ಇಲಾಖೆಯದು, ಬಸ್ ಇನ್ನೊಂದರದು. ರೈಲು ಆರು ನಿಮಿಷ ತಡವಾದರೆ ಕೊನೆಯ ಬಸ್ ಖಾಲಿಯಾಗಿಯೇ ಹೊರಟುಬಿಡುತ್ತದೆ. ರೈಲು ಎಲ್ಲಿದೆ ಎಂಬ ಸುದ್ದಿ ಬಸ್ ಚಾಲಕನಿಗೆ ತಲುಪಬೇಕು. ಕೊನೆಯ ಬಸ್ಸಿಗೆ ಹತ್ತು ನಿಮಿಷ ಕಾಯುವ ಅಧಿಕಾರ ಅವನಿಗೆ ಬರಹದಲ್ಲಿ ಸಿಗಬೇಕು. ವ್ಯಾನ್‌ಗೆ ಟೆಂಡರ್ ಕರೆಯುವ ಮೊದಲು ಎರಡೂ ಇಲಾಖೆಯವರು ಈ ಆದೇಶಕ್ಕೆ ಸಹಿ ಹಾಕಲಿ.