ಮುಕ್ಕಾಲಿಗೆ ಕಾಲು ಸೇರಿಸಿದರೆ ಅರ್ಧ

ಮೊನ್ನೆ ಭಾನುವಾರ ಸಂಜೆ ಪಕ್ಕದ ಮನೆ ಹುಡುಗಿ ಗಣಿತದ ನೋಟ್‌ಬುಕ್ ಹಿಡಿದುಕೊಂಡು ನಮ್ಮ ಜಗುಲಿಗೆ ಬಂದಳು. ಹತ್ತನೇ ಕ್ಲಾಸು. ತ್ರಿಕೋನಮಿತಿಯ ಲೆಕ್ಕ. ಸೈನ್ 60ನ್ನು ಕಾಸ್ 30ರಿಂದ ಗುಣಿಸಿ, ಅದಕ್ಕೆ ಸೈನ್ 30 ಮತ್ತು ಕಾಸ್ 60ರ ಗುಣಲಬ್ಧ ಕೂಡಿಸಬೇಕು. ಬೆಲೆಗಳ ಕೋಷ್ಟಕ ಅವಳಿಗೆ ಬಾಯಿಪಾಠ. ರೂಟ್ ಮೂರು ಬೈ ಎರಡು ಅಂತ ಎರಡು ಸಲ ಬರೆದು ಗುಣಿಸಿ 3/4 ತಂದಳು. ಆ ಕಡೆ 1/4. ಪರವಾಗಿಲ್ಲ, ಚುರುಕಿದ್ದಾಳೆ ಅಂದುಕೊಳ್ಳುವಷ್ಟರಲ್ಲಿ 3/4 + 1/4 = 4/8 ಅಂತ ಬರೆದು, ಉತ್ತರದ ಕೆಳಗೆ ಸ್ಕೇಲು ಇಟ್ಟು ಎರಡು ಗೆರೆ ಎಳೆದೇಬಿಟ್ಟಳು.

ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮಮ್ಮ ಕೇಳಿದರು, "ಎಷ್ಟಕ್ಕೆ ಎಷ್ಟು ಸೇರಿಸ್ದೆ ಮಗಾ?"

"ಮೂರು ಬೈ ನಾಲ್ಕಕ್ಕೆ ಒಂದು ಬೈ ನಾಲ್ಕು, ಅಜ್ಜಿ."

"ಹಂಗಂದ್ರೆ?"

"ಮುಕ್ಕಾಲಿಗೆ ಕಾಲು ಕಣಮ್ಮ" ಅಂದೆ ನಾನು.

"ಒಂದಾಯ್ತಲ್ಲ, ಅದಕ್ಯಾಕೆ ಅಷ್ಟುದ್ದ ಬರೀತಾಳೆ?"

ಅಮ್ಮ ಓದಿದ್ದು ಎರಡನೇ ಕ್ಲಾಸು.

ಹುಡುಗಿ ದಡ್ಡಿ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಮುಕ್ಕಾಲು ಲೀಟರ್ ಹಾಲಿಗೆ ಕಾಲು ಲೀಟರ್ ಸೇರಿಸಿದರೆ ಎಷ್ಟಮ್ಮ ಅಂದೆ. ಕಣ್ಣು ಮಿಟುಕಿಸದೆ ಒಂದು ಲೀಟರ್ ಅಂದಳು. ಅಂದರೆ ಗೊತ್ತಿದೆ. ಆದರೆ ಆ ಹಾಲಿನ ಮುಕ್ಕಾಲಿಗೂ ಈ ನೋಟ್‌ಬುಕ್ಕಿನ 3/4ಕ್ಕೂ ಸಂಬಂಧ ಇದೆ ಅಂತ ಹತ್ತು ವರ್ಷದಲ್ಲಿ ಯಾರೂ ಅವಳಿಗೆ ಹೇಳಿಲ್ಲ. ಅವಳ ಪಾಲಿಗೆ 3/4 ಅಂದರೆ ಒಂದು ಸಂಖ್ಯೆಯಲ್ಲ, ಗೆರೆಯ ಮೇಲೊಂದು ಕೆಳಗೊಂದು ಕೂತ ಎರಡು ಸಂಖ್ಯೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದಳು. ಅವಳ ಮಟ್ಟಿಗೆ ಅದರಲ್ಲಿ ತಪ್ಪೇನಿದೆ?

ನಾನು ಮೇಷ್ಟ್ರಲ್ಲ, ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತ. ಸಂಜೆ ಹೊತ್ತು ನಾಲ್ಕಾರು ಮಕ್ಕಳು ಜಗುಲಿಗೆ ಬರುತ್ತವೆ, ಎರಡನೇ ಕ್ಲಾಸಿನಿಂದ ಹತ್ತರವರೆಗೆ. ಒಂದೇ ಚಾಪೆಯ ಮೇಲೆ ಎಲ್ಲರ ನೋಟ್‌ಬುಕ್ಕೂ ತೆರೆದಿರುವುದರಿಂದ, ಶಾಲೆಯಲ್ಲಿ ಬೇರೆ ಬೇರೆ ಕೋಣೆಯಲ್ಲಿ ಕೂತವರಿಗೆ ಕಾಣದ್ದು ನನಗೆ ಕಾಣುತ್ತದೆ. ಏಳರ ಹುಡುಗನಿಗೆ ಸರಳ ಸಮೀಕರಣ ಬರುವುದಿಲ್ಲ ಅಂತ ನೋಡಿದರೆ, ಸಮೀಕರಣ ಬರುತ್ತದೆ, ಅದರೊಳಗಿನ 1/2 ಬರುವುದಿಲ್ಲ. ಎಂಟರಲ್ಲಿ ಭಾಗಲಬ್ಧ ಸಂಖ್ಯೆಗಳು, ಅಂದರೆ ಭಿನ್ನರಾಶಿಯಾಗಿ ಬರೆಯಬಹುದಾದ ಸಂಖ್ಯೆಗಳು. (ಭಾಗಿಸಿದಾಗ ಬರುವುದೂ ಭಾಗಲಬ್ಧ, ಈ ಸಂಖ್ಯೆಯೂ ಭಾಗಲಬ್ಧ. ಹೆಸರಿಟ್ಟ ಪುಣ್ಯಾತ್ಮರಿಗೆ ನಮಸ್ಕಾರ.) ಒಂಬತ್ತು, ಹತ್ತಕ್ಕೆ ಬಂದರೆ ಬಹುಪದೋಕ್ತಿ, ವರ್ಗ ಸಮೀಕರಣ, ಸಮಾಂತರ ಶ್ರೇಢಿ. ಹೆಸರು ದೊಡ್ಡದಾಗುತ್ತಾ ಹೋಗುತ್ತದೆ, ಮುಗ್ಗರಿಸುವ ಜಾಗ ಮಾತ್ರ ಅದೇ ನಾಲ್ಕು, ಐದನೇ ಕ್ಲಾಸಿನ ಭಿನ್ನರಾಶಿ.

ನಾಲ್ಕನೇ ಕ್ಲಾಸಿನಲ್ಲೇ ಯಾಕೆ? ನನ್ನದೊಂದು ಅನುಮಾನವಿದೆ. ಸರ್ಕಾರಿ ಶಾಲೆಗಳಲ್ಲಿ ಮೂರನೇ ಕ್ಲಾಸಿನವರೆಗೆ ನಲಿಕಲಿ, ಅಂದರೆ ಕಾರ್ಡು, ಆಟಗಳ ಮೂಲಕ ಕಲಿಸುವ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದದ್ದು, ಆಮೇಲೆ ರಾಜ್ಯಕ್ಕೆಲ್ಲ ಬಂತು. ಅದರ ಬಗ್ಗೆ ಗೊಣಗುವವರು ಬಹಳ: ಮಕ್ಕಳು ಬರೀ ಆಡ್ತಾವೆ, ಕಾರ್ಡುಗಳು ಕಳೆದುಹೋಗ್ತವೆ, ಒಬ್ಬರೇ ಟೀಚರು ಮೂರು ಕ್ಲಾಸು ನೋಡ್ಕೋಬೇಕು. ಎಲ್ಲ ನಿಜವೇ. ಆದರೂ ಅದರಲ್ಲೊಂದು ಮರ್ಯಾದೆಯಿತ್ತು. ಕಲಿಕಾ ಏಣಿಯಲ್ಲಿ ಮಗು ತಾನಿದ್ದ ಮೆಟ್ಟಿಲಲ್ಲೇ ನಿಲ್ಲಬಹುದು. ಪಕ್ಕದವನು ಮುಂದಿನ ಮೈಲಿಗಲ್ಲು ಮುಟ್ಟಿದ ಅಂತ ಇವನನ್ನು ಎಳೆದುಕೊಂಡು ಹೋಗುವಂತಿಲ್ಲ. ನಾಲ್ಕಕ್ಕೆ ಕಾಲಿಟ್ಟ ದಿನ ಏಣಿ ತೆಗೆದರು, ಎಲ್ಲರಿಗೂ ಒಂದೇ ಪುಟ. ಭಿನ್ನರಾಶಿ ಗಟ್ಟಿಯಾಗಿ ಶುರುವಾಗುವುದೂ ಅದೇ ವರ್ಷ. ವೃತ್ತಕ್ಕೆ ಬಣ್ಣ ಹಚ್ಚಿ ನಾಲ್ಕರಲ್ಲಿ ಮೂರು ಭಾಗ ಅನ್ನುತ್ತದೆ ಮಗು. ಬಣ್ಣ ಒಣಗುವ ಮುಂಚೆ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ತೆಗಿ, ಛೇದ (ಗೆರೆಯ ಕೆಳಗಿನ ಸಂಖ್ಯೆ) ಸಮ ಮಾಡು ಅಂತ ಐದನೇ ಕ್ಲಾಸು ಬಂದು ಕೂರುತ್ತದೆ. ಬಣ್ಣಕ್ಕೂ ನಿಯಮಕ್ಕೂ ನಡುವೆ ಒಂದು ಸೇತುವೆ ಬೇಕಿತ್ತು.

ಆ ಸೇತುವೆ ನಮ್ಮ ಬಾಯಲ್ಲೇ ಇದೆ. ಮುಕ್ಕಾಲು ಅಂದರೆ ಮೂರು ಕಾಲು. ಮೂರು ಕಾಲಿಗೆ ಒಂದು ಕಾಲು ಸೇರಿಸಿದರೆ ನಾಲ್ಕು ಕಾಲು. ಮೂರು ಮಾವಿನಕಾಯಿಗೆ ಒಂದು ಸೇರಿಸಿದ ಹಾಗೆ. ಛೇದ ಯಾಕೆ ಕೂಡಿಸಬಾರದು ಅನ್ನುವುದಕ್ಕೆ ಬೇರೆ ವಿವರಣೆ ಬೇಕಾ? (ನಾಲ್ಕು ಕಾಲು ಸೇರಿದರೆ ಒಂದು ಕುರ್ಚಿ ಅಂತ ಮೂರನೇ ಕ್ಲಾಸಿನ ಪೋರ ಹೇಳಿದ. ಅವನಿಗೂ ಮಾರ್ಕ್ಸ್ ಕೊಟ್ಟೆ.) ಕಾಲಿನಲ್ಲಿ ಅರೆ ಅರೆಕಾಲು, ಅಂದರೆ 1/8. ಭಿನ್ನರಾಶಿಯ ಗುಣಾಕಾರ ಆ ಪದದೊಳಗೇ ಕೂತಿದೆ. ಇದೇ ನೆಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯ ಭಿನ್ನರಾಶಿಗೇ ಒಂದು ದೊಡ್ಡ ಭಾಗ ಮೀಸಲಿಟ್ಟು ಬರೆದಿದ್ದಾನೆ. ಒಂದನ್ನು ಚೂರು ಚೂರಾಗಿ ಒಡೆಯುವ ಸೂತ್ರವೂ ಅವನಲ್ಲಿದೆ. 1/2, 1/3, 1/9, 1/18 ಕೂಡಿಸಿ ನೋಡಿ, ಸರಿಯಾಗಿ ಒಂದು ಬರುತ್ತದೆ. ಆರನೇ ಕ್ಲಾಸಿನವರಿಗೆ ಇದನ್ನು ಕೊಟ್ಟರೆ ಅರ್ಧ ಗಂಟೆ ಗಲಾಟೆ ಇರುವುದಿಲ್ಲ.

ಮನೆಮಾತು ಎಲ್ಲದಕ್ಕೂ ಸಾಕು ಅಂತ ನಾನು ಹೇಳುತ್ತಿಲ್ಲ. ನಮ್ಮ ಪದಗಳೆಲ್ಲ ಅರ್ಧ ಮಾಡುತ್ತಾ ಹೋಗುವಂಥವು. ಐದರಲ್ಲೊಂದು, ಏಳರಲ್ಲೊಂದಕ್ಕೆ ಕಾಲು, ಅರೆಯಂಥ ಮುದ್ದಾದ ಹೆಸರಿಲ್ಲ. ಅಲ್ಲಿಗೆ ನಾನು ನನ್ನ ಕಸುಬನ್ನೇ ತರುತ್ತೇನೆ. ಎಕರೆಗೆ ನಲವತ್ತು ಗುಂಟೆ. ಕಾಲೆಕರೆ ಮತ್ತು ಎಕರೆಯಲ್ಲಿ ಐದನೇ ಒಂದು ಭಾಗ ಕೂಡಿಸು ಅಂದರೆ ಕಷ್ಟ. ಎರಡನ್ನೂ ಗುಂಟೆಗೆ ಇಳಿಸು, ಹತ್ತು ಮತ್ತು ಎಂಟು, ಹದಿನೆಂಟು ಗುಂಟೆ, ಅಂದರೆ 18/40. ಛೇದ ಸಮ ಮಾಡುವುದು ಅಂದರೆ ಇಷ್ಟೇ, ಎರಡನ್ನೂ ಗುಂಟೆಗೆ ಇಳಿಸುವುದು. ಹುಡುಗಿ ಇದಕ್ಕೆ "ಓಹೋ" ಅಂದಳು. ಆ ಓಹೋ ಐದು ವರ್ಷ ತಡವಾಗಿ ಬಂತು.

ಪಹಣಿ ತೋರಿಸುವಾಗ ಮಾತ್ರ ಹುಷಾರು. ಅದರಲ್ಲಿ 2.10 ಅಂತ ಇದ್ದರೆ ಎರಡು ಎಕರೆ ಹತ್ತು ಗುಂಟೆ, ಅಂದರೆ ಎರಡೂಕಾಲು ಎಕರೆ. ದಶಮಾಂಶದಲ್ಲಿ ಬರೆದರೆ 2.25. ಆ ಚುಕ್ಕಿ ದಶಮಾಂಶದ ಚುಕ್ಕಿಯಲ್ಲ. ಸಾಲದ ಅರ್ಜಿ ಬರೆಯುವ ದೊಡ್ಡವರೇ ಇಲ್ಲಿ ಎಡವುವುದನ್ನು ಕೌಂಟರಿನಲ್ಲಿ ಕೂತು ನೋಡಿದ್ದೇನೆ.

ಇನ್ನು ಹತ್ತನೇ ಕ್ಲಾಸಿನಲ್ಲಿ ನಡೆಯುವುದು ನಿಮಗೆಲ್ಲ ಗೊತ್ತೇ ಇದೆ: ಪಾಸಿಂಗ್ ಪ್ಯಾಕೇಜ್. ಥೇಲ್ಸ್ ಪ್ರಮೇಯ ಉರು ಹೊಡಿ, ಗ್ರಾಫ್ ಹಾಕು, ಸರಾಸರಿ, ಮಧ್ಯಾಂಕ, ಬಹುಲಕದ ಸೂತ್ರ ಬರೆ. 80ಕ್ಕೆ ಬೇಕಾದಷ್ಟು ಹೀಗೇ ಕೂಡಿಬರುತ್ತದೆ, ಜೊತೆಗೆ ಆಂತರಿಕ ಮೌಲ್ಯಮಾಪನದ 20 ಇದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಹಿಂದಿನ ವರ್ಷ ಶೇ. 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಮೇಷ್ಟ್ರುಗಳನ್ನು ಬೈಯಲು ನನಗೆ ಮನಸ್ಸಿಲ್ಲ. ಗೆಳೆಯನೊಬ್ಬ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾನೆ. "ಫೆಬ್ರವರೀಲಿ ಕೂರಿಸ್ಕೊಂಡು ಐದನೇ ಕ್ಲಾಸಿನ ಭಿನ್ನರಾಶಿ ಹೇಳ್ಕೊಡ್ಲಾ, ಇಲ್ಲ ಗ್ರಾಫ್ ಹಾಕಿಸ್ಲಾ, ನೀನೇ ಹೇಳು" ಅಂದ. ಗ್ರಾಫ್ ಹಾಕಿಸು ಅಂದೆ. ಇನ್ನೇನು ಹೇಳಲಿ? ನನ್ನ ತಕರಾರು ಆ ಫೆಬ್ರವರಿಯದ್ದಲ್ಲ, ಅದಕ್ಕೂ ಹಿಂದಿನ ಐದು ಜೂನ್ ತಿಂಗಳುಗಳದ್ದು. ಪ್ರತಿ ಜೂನಿನಲ್ಲೂ ಮಗು ಯಾವ ಮೆಟ್ಟಿಲಲ್ಲಿದೆ ಅಂತ ನೋಡಿ, ಅಲ್ಲಿಂದ ಹೊರಡಲು ಒಂದು ತಿಂಗಳು ಕೊಟ್ಟರೆ ಪುಸ್ತಕದ ನಾಲ್ಕು ಪಾಠ ಹಿಂದೆ ಬೀಳಬಹುದು. ಬೀಳಲಿ ಬಿಡಿ. ನಾವು ಅಪ್ಪಅಮ್ಮಂದಿರು ಸಹ "ಎಷ್ಟು ಪಾಠ ಆಯ್ತು" ಅಂತ ಕೇಳುವುದನ್ನು ಸ್ವಲ್ಪ ನಿಲ್ಲಿಸಬೇಕು.

ಅವತ್ತು ಗುಂಟೆ ಲೆಕ್ಕ ಮುಗಿಯುವ ಹೊತ್ತಿಗೆ ಆ ಹುಡುಗಿಯ ತಮ್ಮ, ನಾಲ್ಕನೇ ಕ್ಲಾಸಿನವನು, ಇಷ್ಟು ಹೊತ್ತು ಸುಮ್ಮನಿದ್ದವನು ಕೇಳಿದ, "ಮಾಮ, ಮೂರು ಜನ ಅಣ್ಣತಮ್ಮಂದಿರು ಒಂದೆಕ್ರೆ ಪಾಲು ಮಾಡ್ಕೊಂಡ್ರೆ?" ಹದಿಮೂರು ಗುಂಟೆ ಕೊಟ್ಟೆವು, ಒಂದು ಗುಂಟೆ ಉಳಿಯಿತು. ಗುಂಟೆಗೆ ಹದಿನಾರಾಣೆ ಅಂತ ಅದನ್ನೂ ಒಡೆದು ತಲಾ ಐದಾಣೆ ಕೊಟ್ಟೆವು, ಒಂದಾಣೆ ಉಳಿಯಿತು. "ಆಮೇಲೆ?" ಅಂದ.

ಅಮ್ಮ ಮೊರ ಎತ್ತಿಕೊಂಡು ಒಳಗೆ ಹೋಗುತ್ತಾ ಹೇಳಿದರು, "ಆಮೇಲೇನು, ಕೋರ್ಟಿಗೆ ಹೋಗ್ತಾರೆ."