ಲಕ್ಷ್ಮಣನ ಬಾಣಂತನ

ಲಕ್ಷ್ಮಣ ಹೆತ್ತಿದ್ದು ಒಂದು ಸೋಮವಾರ ಬೆಳಗಿನ ಜಾವ. ಒಂಬತ್ತು ಮರಿ.

ತಪ್ಪು ಅವನದಲ್ಲ, ಅಂದರೆ ಅವಳದಲ್ಲ. ಮಗಳ ಹುಟ್ಟುಹಬ್ಬಕ್ಕೆಂದು ಎರಡು ಬಿಳಿ ಇಲಿಮರಿ ತರುವಾಗ ಅಂಗಡಿಯವನು ಬಾಲ ಎತ್ತಿ ತೋರಿಸಿ "ಎರಡೂ ಗಂಡು ಸಾರ್, ಗ್ಯಾರಂಟಿ" ಅಂದಿದ್ದ. ನಾನೂ ಕನ್ನಡಕ ಸರಿಮಾಡಿಕೊಂಡು ನೋಡಿ, ಏನೂ ತಿಳಿಯದಿದ್ದರೂ, ಸಂತೆಯಲ್ಲಿ ಬದನೆಕಾಯಿ ಆರಿಸುವವನ ಗತ್ತಿನಲ್ಲಿ ತಲೆಯಾಡಿಸಿದ್ದೆ. ಹೀಗೆ ರಾಮ ಲಕ್ಷ್ಮಣರು ನಮ್ಮ ಮೈಸೂರಿನ ಮನೆ ಹೊಕ್ಕರು. ಇಲಿ ಐದಾರು ವಾರಕ್ಕೇ ಪ್ರಾಯಕ್ಕೆ ಬರುತ್ತದೆ, ಬಸಿರು ನಿಂತರೆ 21ರಿಂದ 23 ದಿನಕ್ಕೆ ಹೆರಿಗೆ ಎಂಬುದೆಲ್ಲ ಗೊತ್ತಾಗಿದ್ದು ಆಮೇಲೆ. ರಾಮನ ಗಂಡಸುತನ ಬಾಲದ ಬುಡದಲ್ಲಿ ಎರಡು ಗೋಲಿಯಂತೆ ಎದ್ದು ಕಾಣತೊಡಗಿದಾಗಲೂ, "ಲಕ್ಷ್ಮಣ ತಮ್ಮ ಅಲ್ವಾ, ಸ್ವಲ್ಪ ತಡ" ಎಂದು ಸಮಜಾಯಿಷಿ ಕೊಟ್ಟವನು ನಾನೇ.

ಪಶುವೈದ್ಯರಿಗೆ ಫೋನ್ ಮಾಡಿದೆ. "ಮೊದಲು ಗಂಡನ್ನ ಬೇರೆ ಮಾಡಿ, ಹೆತ್ತ ದಿನವೇ ಮತ್ತೆ ಬಸಿರಾಗುತ್ತೆ" ಅಂದರು. ರಾಮನಿಗೆ ಸ್ಟೋರ್ ರೂಮಿಗೆ ವನವಾಸವಾಯಿತು. ಲಕ್ಷ್ಮಣ ಮಾತ್ರ ಈ ಸಲ ಜೊತೆಗೆ ಹೋಗಲಿಲ್ಲ, ಊರ್ಮಿಳೆಯ ಹಾಗೆ ಮನೆಯಲ್ಲೇ ಉಳಿದ.

ವೈದ್ಯರು ಹೇಳಿದ ಎರಡನೆಯ ಮಾತು ಇನ್ನೂ ಕಷ್ಟದ್ದು: ಬಾಣಂತಿಗೆ ಪ್ರೋಟೀನ್ ಬೇಕು, ಬೇಯಿಸಿದ ಮೊಟ್ಟೆ ಕೊಡಿ. ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ಎಂದೂ ದಾಟಿದ್ದಿಲ್ಲ. ಅಮ್ಮ ಮಲೆನಾಡಿನವಳು, ಭತ್ತದ ಪಣತ ಕಾಯುತ್ತ ನಲವತ್ತು ವರ್ಷ ಇಲಿಗಳ ಮೇಲೆ ಯುದ್ಧ ಮಾಡಿದವಳು. ಅವಳೇ ಈಗ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಗಣಪತಿ ವಾಹನಕ್ಕೆ ಮೊಟ್ಟೆ ತಿನ್ನಿಸ್ತೀಯೇನೋ?" ಎಂದು ನಿಂತಳು.

"ಮತ್ತೆ ಅಡುಗೆಮನೇಲಿ ದಿನಾ ರಾತ್ರಿ ಕೊಬ್ಬರಿ ಚೂರು ಸಿಕ್ಕಿಸಿ ಬೋನು ಇಡ್ತೀಯಲ್ಲ, ಅದು ಯಾರ ವಾಹನಕ್ಕೆ?"

"ಅದು ಇಲಿ ಕಣೋ."

ಕೊನೆಗೆ ಮೊಟ್ಟೆ ಬೆಂದಿದ್ದು ತಾರಸಿಯ ಮೇಲೆ, ಹಳೆಯ ಕೆಟಲ್ಲಿನಲ್ಲಿ. ನಾಲ್ಕನೇ ದಿನ ಹೆಂಡತಿ ಬಂದು, "ರೀ, ಎದುರುಮನೆಯವರು ಕೇಳಿದ್ರು, ನಿಮ್ಮೆಜಮಾನ್ರು ತಾರಸಿ ಮೇಲೆ ಕದ್ದು ಮೊಟ್ಟೆ ತಿಂತಾರಾ ಅಂತ. ಇಲಿ ಬಾಣಂತನ ಅನ್ನೋದಕ್ಕಿಂತ ಹೌದು ಅನ್ನೋದೇ ವಾಸಿ ಅನ್ನಿಸ್ತು" ಅಂದಳು.

ಇಲಿಮರಿ ಹುಟ್ಟುವಾಗ ಕಣ್ಣಿಲ್ಲ, ಕೂದಲಿಲ್ಲ, ಕಿವಿ ಕೇಳುವುದಿಲ್ಲ. ಬೆರಳ ತುದಿಯಷ್ಟು ಗುಲಾಬಿ ಮಾಂಸ. ಚರ್ಮ ಎಷ್ಟು ತೆಳುವೆಂದರೆ ಕುಡಿದ ಹಾಲು ಹೊಟ್ಟೆಯೊಳಗೆ ಬೆಳ್ಳಗೆ ಕಾಣುತ್ತದೆ. ಎಂಟು ಮರಿಗಳಿಗೆ ಆ ಬಿಳಿ ಪಟ್ಟಿ ಇತ್ತು. ಒಂಬತ್ತನೆಯದಕ್ಕೆ ಇರಲಿಲ್ಲ, ಅಣ್ಣಂದಿರು ಜಾಗ ಬಿಡುತ್ತಿರಲಿಲ್ಲ. ಹಸುವಿನ ಹಾಲು ಬೇಡ, ಶಿಶುಗಳಿಗೆ ಕೊಡುವ ಸೋಯಾ ಪುಡಿ ತನ್ನಿ ಎಂದಿದ್ದಕ್ಕೆ ಮೆಡಿಕಲ್ ಶಾಪಿಗೆ ಓಡಿದೆ.

"ಮಗುಗೆ ಎಷ್ಟು ತಿಂಗಳು ಸಾರ್?"

"ಐದು ದಿನ."

"ತೂಕ?"

"ಎಂಟು ಗ್ರಾಂ."

ಅವನು ಡಬ್ಬ ಕೊಟ್ಟ. ಚಿಲ್ಲರೆ ಎಣಿಸುವಾಗ ಮಾತ್ರ ಕೈ ತಗುಲದ ಹಾಗೆ ಎಣಿಸಿದ.

ಹಾಲೂಡಿಸಲು ಮಗಳ ಡ್ರಾಯಿಂಗ್ ಬ್ರಶ್. ಎರಡೆರಡು ಗಂಟೆಗೊಮ್ಮೆ ಉಗುರುಬೆಚ್ಚಗಿನ ಹಾಲಿನಲ್ಲಿ ಅದ್ದಿ ಬಾಯಿಗೆ ತಾಗಿಸಬೇಕು. ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಕುಡಿಸಿಯಾದ ಮೇಲೆ ಒದ್ದೆ ಹತ್ತಿಯಿಂದ ಕೆಳಹೊಟ್ಟೆ ಸವರಬೇಕು, ಇಲ್ಲದಿದ್ದರೆ ಅದಕ್ಕೆ ಉಚ್ಚೆ ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು. ನೆಕ್ಕುವುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನಾನು ಮಾಡಿದೆ. ಮೊದಲ ರಾತ್ರಿ ಮರಿಗಿಂತ ನನ್ನ ಪೈಜಾಮವೇ ಹೆಚ್ಚು ಹಾಲು ಕುಡಿಯಿತು. ಮರುದಿನ ಆಫೀಸಿನ ಮೀಟಿಂಗಿನಲ್ಲಿ ತೂಕಡಿಸಿದ್ದಕ್ಕೆ "ಮನೇಲಿ ಹಸುಗೂಸು" ಎಂದುಬಿಟ್ಟೆ. ಸಂಜೆಯೊಳಗೆ ಮೂವರು ಪಾರ್ಟಿ ಕೇಳಿದರು.

ಎರಡನೇ ರಾತ್ರಿ ಎರಡು ಗಂಟೆಗೆ ಬಾಗಿಲಲ್ಲಿ ಅಮ್ಮ. ಸ್ವಲ್ಪ ಹೊತ್ತು ನೋಡಿದಳು. "ಮಗೂನ ಹಾಗೆ ಹಿಡೀತಾರೇನೋ? ಕೊಡಿಲ್ಲಿ."

ನಾಲ್ಕು ಮಕ್ಕಳನ್ನು ಸಾಕಿದ ಕೈ. ಸೆರಗಿನ ಬೆಚ್ಚಗೆ ಮರಿ ಬೋರಲು ಮಲಗಿ ಬ್ರಶ್ ಚೀಪಿತು. ಸ್ನಾನ ಮಾಡಿಕೊಂಡು ಬಂದು ದೇವರ ದೀಪ ಹಚ್ಚಿದಳು ಅನ್ನುವುದು ಬೇರೆ ಮಾತು. ಮಾರನೆಯ ರಾತ್ರಿಯಿಂದ ಅಲಾರಂ ಅವಳ ಮಂಚದ ಪಕ್ಕಕ್ಕೆ ಹೋಯಿತು. ಎರಡು ವಾರಕ್ಕೆ ಮರಿಗಳು ಕಣ್ಣು ಬಿಟ್ಟವು. ಮೂರನೇ ವಾರಕ್ಕೆ ಅಮ್ಮ ರಾಗಿ ಸರಿ ಕಾಯಿಸಿ ತಟ್ಟೆಯಲ್ಲಿ ಆರಿಸಿಟ್ಟಳು. ಒಂಬತ್ತೂ ಅದರೊಳಗೆ ಇಳಿದು ಈಜಿ, ಒಂದನ್ನೊಂದು ನೆಕ್ಕಿಕೊಂಡವು.

ಐದು ವಾರ ತುಂಬುವ ಮೊದಲೇ ಗಂಡು ಹೆಣ್ಣು ಬೇರೆ ಮಾಡಿಸಿಕೊಂಡು ಬಂದೆವು. ಆ ಕೆಲಸವನ್ನು ವೈದ್ಯರಿಂದಲೇ ಮಾಡಿಸಬೇಕೆಂದು ಮನೆಯಲ್ಲಿ ಅವಿರೋಧವಾಗಿ ತೀರ್ಮಾನವಾಗಿತ್ತು.

ಹೋದ ವಾರ ಅಡುಗೆಮನೆಯ ಬೋನಿಗೆ ಒಂದು ಕಂದು ಇಲಿ ಬಿತ್ತು. ಎಂದಿನಂತೆ ದೂರದ ಖಾಲಿ ಸೈಟಿಗೆ ಬಿಟ್ಟುಬರಲು ನಾನು ಚಪ್ಪಲಿ ಮೆಟ್ಟಿದೆ.

"ತಡಿಯೋ" ಅಂದಳು ಅಮ್ಮ. "ಹೆಣ್ಣಾ ನೋಡು. ಎಲ್ಲಾದ್ರೂ ಮರಿ ಇಟ್ಟಿದ್ರೆ?"

ಮಗಳು ಶಾಲೆಗೆ ಹೋಗಿದ್ದಳು. ಬೇರೆ ದಾರಿಯಿರಲಿಲ್ಲ. ಬೋನನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು ನೋಡಿದೆ.

"ಗಂಡು ಅಮ್ಮಾ."

"ಗ್ಯಾರಂಟಿನಾ?"