ರಾಕ್ಷಸ ವೇಷ ಬೇಡ, ರಕ್ತ ಸುರಿಸುವ ತಲೆಬುರುಡೆ ಆಗಬಹುದು!

ಗೇಮಿಂಗ್ ಸೈಟ್‌ಗಳಲ್ಲಿ ಪ್ರೊಫೈಲ್ ಫೋಟೋಗೆ ನಿಯಮ ಇರಲೇಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕಾಮೆಂಟಿನಲ್ಲಿ "ಹಾಗಾದ್ರೆ ಅಶ್ಲೀಲ ಚಿತ್ರ ಹಾಕ್ಲಿ ಅಂತೀರಾ" ಎಂದು ಶುರು ಮಾಡುವವರು ಇದ್ದೇ ಇದ್ದಾರೆ. ಅಲ್ಲಿ ಪ್ರೈಮರಿ ಸ್ಕೂಲಿನ ಮಕ್ಕಳೂ ಆಡುತ್ತಾರೆ. ಬೆತ್ತಲೆ ಫೋಟೋ, ಜಾತಿ ಹಿಡಿದು ಬೈಯುವ ಫೋಟೋ, ಯಾರದೋ ಮನೆ ಹುಡುಗಿಯ ಫೋಟೋ ಕದ್ದು ಹಾಕಿಕೊಂಡದ್ದು, ಇವೆಲ್ಲ ಹೋಗಲಿ. ಬೇಗ ಹೋಗಲಿ. ನನ್ನ ತಕರಾರು ನಿಯಮದ ಮೇಲಲ್ಲ. ಒಬ್ಬನಿಗೆ ಹಚ್ಚುವ ನಿಯಮ ಪಕ್ಕದವನಿಗೆ ಇಲ್ಲ, ಯಾಕೆ ಅಂತ ಕೇಳಿದರೆ ಉತ್ತರವೂ ಇಲ್ಲ. ಸಿಟ್ಟು ಬರುವುದು ಅಲ್ಲಿ.

ನಡೆದದ್ದು ಇಷ್ಟು. ಸಾಗರದಲ್ಲಿರುವ ನನ್ನ ಅಕ್ಕನ ಮಗ ಹತ್ತನೇ ಕ್ಲಾಸು. ಮನೆಯವರಿಗೆಲ್ಲ ಯಕ್ಷಗಾನದ ಹುಚ್ಚು. ಅವನೂ ಊರಿನ ಮಕ್ಕಳ ತಂಡದಲ್ಲಿ ರಾಕ್ಷಸ ವೇಷ ಹಾಕಿದ್ದ. ಮುಖದ ತುಂಬಾ ಕೆಂಪು, ಕಪ್ಪು, ಮೇಲೆ ಬಿಳಿ ಚುಕ್ಕೆಗಳು. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ತೆಗೆದ ಆ ಫೋಟೋವನ್ನು ತಾನು ಆಡುವ ಸೈಟಿನಲ್ಲಿ ಹಾಕಿಕೊಂಡ. ಸ್ವಲ್ಪ ದಿನಕ್ಕೆ ಫೋಟೋ ಮಾಯ. ಮಾರ್ಗಸೂಚಿಗೆ ವಿರುದ್ಧವಾಗಿದೆ ಎಂಬ ಒಂದು ಸಾಲಿನ ಮೆಸೇಜ್, ಅಷ್ಟೇ. ಯಾವ ಮಾರ್ಗಸೂಚಿ, ಎಷ್ಟನೆಯದು, ಏನೂ ಇಲ್ಲ.

ಅವನು ಅದೇ ಸೈಟಿನಲ್ಲಿ ತನ್ನ ಜೊತೆ ಆಡಿದವರ ಪಟ್ಟಿ ತೆರೆದು ತೋರಿಸಿದ. ಬಾಯಿಂದ ರಕ್ತ ಸುರಿಸುವ ತಲೆಬುರುಡೆ ಒಂದು. ಬಟ್ಟೆ ಇದೆಯೋ ಇಲ್ಲವೋ ಎಂದು ಎರಡು ಸಲ ನೋಡಬೇಕಾದ ಅನಿಮೆ (ಜಪಾನಿ ಕಾರ್ಟೂನ್) ಹುಡುಗಿಯರು ಸುಮಾರು ಜನ. ಹಿಟ್ಲರ್ ಮೀಸೆ ಅಂಟಿಸಿದ ಬೆಕ್ಕು. ಎಲ್ಲ ಆರಾಮಾಗಿ ಕೂತಿವೆ. "ಎಂತಕ್ಕೆ ಮಾಮ ನಂದೊಂದೇ ತೆಗ್ದಿದ್ದು?" ಅಂದ. ಅವನಿಗೆ ಕೊಡಲು ನನ್ನ ಹತ್ತಿರ ಇದ್ದದ್ದು ಊಹೆ ಮಾತ್ರ.

ಆ ಊಹೆ ಹೀಗೆ. ಇಂಥ ಫೋಟೋಗಳನ್ನು ಮೊದಲು ನೋಡುವುದು ಹೆಚ್ಚಾಗಿ ಯಂತ್ರ. ಒಂದು ಬಗೆಯ ಯಂತ್ರ ಈಗಾಗಲೇ ಗೊತ್ತಿರುವ ಕೆಟ್ಟ ಚಿತ್ರಗಳ ಗುರುತು ಇಟ್ಟುಕೊಂಡು ತಾಳೆ ನೋಡುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳನ್ನು ಹಿಡಿಯಲು 2009ರಲ್ಲಿ ಮೈಕ್ರೋಸಾಫ್ಟ್, ಪ್ರೊಫೆಸರ್ ಹ್ಯಾನಿ ಫರೀದ್ ಜೊತೆ ಸೇರಿ ಮಾಡಿದ ಫೋಟೋಡಿಎನ್‌ಎ ಈ ಬಗೆಯದು. ಅದರ ಬಗ್ಗೆ ನನಗೆ ಗೌರವವೇ ಇದೆ. ಇನ್ನೊಂದು ಬಗೆ, ಹಿಂದೆಂದೂ ನೋಡದ ಫೋಟೋ ನೋಡಿ "ಇದು ಬೆತ್ತಲೆ ಇರಬಹುದು, ಇದು ಗಾಯ ಇರಬಹುದು" ಎಂದು ಅಂಕ ಹಾಕುತ್ತದೆ. ಅಂಕ ಒಂದು ಗೆರೆ ದಾಟಿದರೆ ಫೋಟೋ ಔಟ್. ಗೆರೆ ಎಲ್ಲಿದೆ ಅನ್ನುವುದು ಕಂಪನಿಯವರ ಗುಟ್ಟು. ಅದರ ಮೇಲೆ ಈ ಚಿತ್ರಗಳು ಎಷ್ಟು ಚಿಕ್ಕವು ನೋಡಿ. ಸ್ಟೀಮ್ ಎಂಬ ಗೇಮಿಂಗ್ ಸೈಟಿನಲ್ಲಿ (ಇವನು ಆಡುವುದು ಅಲ್ಲಲ್ಲ, ಬೇರೆ ಕಡೆ) ಪ್ರೊಫೈಲ್ ಚಿತ್ರದ ದೊಡ್ಡ ಅಳತೆಯೇ 184 ಪಿಕ್ಸೆಲ್, ಚಿಕ್ಕದು 32. ಅಷ್ಟರಲ್ಲಿ ಒಂದು ಕೆಂಪು ಮುಖ, ಎರಡು ದೊಡ್ಡ ಕಣ್ಣು. ಚಂಡೆ ಇಲ್ಲ, ಭಾಗವತರಿಲ್ಲ, ರಂಗಸ್ಥಳ ಇಲ್ಲ. ಯಕ್ಷಗಾನ ಅಂದರೇನೆಂದೇ ಗೊತ್ತಿಲ್ಲದ ಯಂತ್ರಕ್ಕೆ ಅದು ಜಜ್ಜಿಹೋದ ಮುಖದ ಹಾಗೆ ಕಂಡಿದ್ದರೆ ಆಶ್ಚರ್ಯ ಇಲ್ಲ.

ಸರಿ, ಹಾಗಾದರೆ ತಲೆಬುರುಡೆ ಹೇಗೆ ಉಳಿಯಿತು? ಇಲ್ಲೇ ರಿಪೋರ್ಟ್ ಬಟನ್ ಬರುವುದು. ಎಷ್ಟೋ ಕಡೆ ಯಾರಾದರೂ ರಿಪೋರ್ಟ್ ಒತ್ತುವ ತನಕ ಮನುಷ್ಯರ ಕಣ್ಣು ಆ ಫೋಟೋ ಮೇಲೆ ಬೀಳುವುದೇ ಇಲ್ಲ. ಒತ್ತುವವರು ಯಾರು? ಮಕ್ಕಳ ಮೇಲೆ ಕಾಳಜಿ ಇರುವವರೂ ಒತ್ತುತ್ತಾರೆ. ಸೋತ ಸಿಟ್ಟಿಗೆ ಒತ್ತುವವರು ಅವರಿಗಿಂತ ಜಾಸ್ತಿ ಅಂತ ನನ್ನ ಗುಮಾನಿ. ಅಂದರೆ ಫೋಟೋದಲ್ಲಿ ಏನಿದೆ ಅನ್ನುವುದಕ್ಕಿಂತ ನೀವು ಯಾರನ್ನು ಸೋಲಿಸಿದ್ದೀರಿ ಅನ್ನುವುದೇ ಮುಖ್ಯವಾಗಿಬಿಡುತ್ತದೆ. ತಲೆಬುರುಡೆಯವನು ಬಹುಶಃ ಎಲ್ಲ ಆಟದಲ್ಲೂ ಸೋಲುತ್ತಾನೋ ಏನೋ.

ಟೆನಿಸ್ ಬಾಲ್ ಟೂರ್ನಮೆಂಟಿನಲ್ಲಿ ವೈಡ್ ಕೊಡುವುದರಲ್ಲಿ ಜಿಪುಣನಾದ ಅಂಪೈರ್ ಜೊತೆ ಆಡಬಹುದು. ಎರಡು ಓವರಿನಲ್ಲಿ ಅವನ ಅಳತೆ ಗೊತ್ತಾಗುತ್ತದೆ. ಒಂದೊಂದು ಬಾಲಿಗೆ ಒಂದೊಂದು ಅಳತೆ ಹಿಡಿಯುವವನ ಜೊತೆ ಆಡುವುದು ಹೇಗೆ?

ಈಗ ಸ್ವಸ್ತಿಕದ ಕಥೆ. 2010ರ ನವೆಂಬರಿನಲ್ಲಿ ಕಾಲ್ ಆಫ್ ಡ್ಯೂಟಿ ಬ್ಲ್ಯಾಕ್ ಆಪ್ಸ್ ಎಂಬ ಶೂಟಿಂಗ್ ಆಟ ಬಂತು. ಅದರಲ್ಲಿ ಆಟಗಾರರು ತಮ್ಮ ಲಾಂಛನ ತಾವೇ ಬಿಡಿಸಿಕೊಳ್ಳಬಹುದಿತ್ತು. ಕೆಲವರು ಸ್ವಸ್ತಿಕ ಬಿಡಿಸಿದರು. ಹಿಟ್ಲರನ ನಾಝಿಗಳ ಚಿಹ್ನೆಯೂ ಅದೇ ತಾನೆ. ಮೈಕ್ರೋಸಾಫ್ಟ್‌ನ ಆನ್‌ಲೈನ್ ಆಟದ ಜಾಲ ಎಕ್ಸ್‌ಬಾಕ್ಸ್ ಲೈವ್‌ನಲ್ಲಿ ನಿಯಮ ನೋಡಿಕೊಳ್ಳುತ್ತಿದ್ದ ಸ್ಟೀಫನ್ ಟೂಲೂಸ್, ಅಂಥವರನ್ನು ಬ್ಯಾನ್ ಮಾಡುತ್ತೇವೆ ಎಂದು ಬಹಿರಂಗವಾಗಿಯೇ ಹೇಳಿದರು. ಅದು ಸಾವಿರಾರು ವರ್ಷದ ಶುಭ ಚಿಹ್ನೆ ಎಂಬ ವಾದ ಬಂತು. ಅವರು ಒಪ್ಪಲಿಲ್ಲ. ನನಗೆ ಅದು ಪೂರ್ತಿ ಹಿಡಿಸುವುದಿಲ್ಲ. ದೀಪಾವಳಿ ದಿನ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಸುತ್ತು ಹಾಕಿದರೆ ಕುಂಕುಮದ ಸ್ವಸ್ತಿಕ ಎಷ್ಟು ಬಾಗಿಲಲ್ಲಿ ಕಾಣುತ್ತದೆ, ಅಲ್ವಾ. ಆದರೂ ಆ ಮನುಷ್ಯನನ್ನು ಮೆಚ್ಚುತ್ತೇನೆ. ತನ್ನ ಹೆಸರು ಹಾಕಿ, ಇಂಥದ್ದು ನಡೆಯುವುದಿಲ್ಲ, ಯಾಕೆಂದರೆ ಹೀಗೆ ಎಂದು ಹೇಳಿದ. ಅಂಥವನ ಜೊತೆ ಜಗಳ ಆಡಬಹುದು. ಸೋತರೆ ಸುಮ್ನೆ ಬಳ್ಳಿಗಾವಿಯ ಗಂಡಭೇರುಂಡದ ಚಿತ್ರ ಹಾಕಿಕೊಂಡು ಆಡಬಹುದು. ಒಂದು ಸಾಲಿನ ಮೆಸೇಜ್ ಜೊತೆ ಜಗಳ ಆಡುವುದಕ್ಕೂ ಆಗುವುದಿಲ್ಲ.

ಜರ್ಮನಿಯಲ್ಲೂ ಹಾಗೆ. ಅಲ್ಲಿ ಆಟಗಳಲ್ಲಿ ನಾಝಿ ಚಿಹ್ನೆಗೆ ಜಾಗ ಇರಲಿಲ್ಲ. 2018ರ ಆಗಸ್ಟಿನಿಂದ ಒಂದೊಂದು ಆಟವನ್ನೂ ಬೇರೆಬೇರೆಯಾಗಿ ನೋಡಿ ತೀರ್ಮಾನ ಮಾಡುತ್ತೇವೆ ಎಂದರು. ನಿಯಮ ಬದಲಾಯಿತು, ಬದಲಾದದ್ದು ಎಲ್ಲರಿಗೂ ಗೊತ್ತಾಯಿತು. ಎಕ್ಸ್‌ಬಾಕ್ಸ್‌ನವರು 2023ರಲ್ಲಿ, ತಪ್ಪು ಮಾಡಿದರೆ ಸ್ಟ್ರೈಕ್ ಬೀಳುವ ಲೆಕ್ಕ ತಂದರು. ಒಂದು ಸ್ಟ್ರೈಕ್ ಆರು ತಿಂಗಳು ಇರುತ್ತದೆ, ಎಂಟಾದರೆ ಒಂದು ವರ್ಷ ಹೊರಗೆ. ಕಠಿಣ ಅನ್ನಿಸಬಹುದು, ಆದರೆ ಲೆಕ್ಕ ಕಣ್ಣೆದುರಿಗೆ ಇದೆ.

ದೊಡ್ಡವರೂ ಎಡವುತ್ತಾರೆ. 2016ರಲ್ಲಿ ಫೇಸ್‌ಬುಕ್, ವಿಯೆಟ್ನಾಂ ಯುದ್ಧದಲ್ಲಿ ನಾಪಾಮ್ ಬಾಂಬಿನಿಂದ ಸುಟ್ಟು ಬೆತ್ತಲೆ ಓಡಿಬರುವ ಹುಡುಗಿಯ 1972ರ ಪ್ರಸಿದ್ಧ ಫೋಟೋವನ್ನು ತೆಗೆದುಹಾಕಿತ್ತು. ನಾರ್ವೆಯ ಪ್ರಧಾನಿ ಎರ್ನಾ ಸೊಲ್ಬರ್ಗ್ ಹಾಕಿದ ಪೋಸ್ಟೂ ಹೋಯಿತು. ಗಲಾಟೆ ಆದಮೇಲೆ ಫೋಟೋ ವಾಪಸ್ ಬಂತು. ಪ್ರಧಾನಿ ಕೂಗಿದ್ದು ಅಮೆರಿಕಕ್ಕೆ ಕೇಳಿಸುತ್ತದೆ. ಸಾಗರದ ಹತ್ತನೇ ಕ್ಲಾಸಿನ ಹುಡುಗನದು?

ಈ ಕೆಲಸ ಮಾಡುವ ಮನುಷ್ಯರ ಕಷ್ಟ ನನಗೆ ಗೊತ್ತಿಲ್ಲದೆ ಇಲ್ಲ. ದಿನವಿಡೀ ಹೊಲಸು, ಹಿಂಸೆ ನೋಡಿ ಮನಸ್ಸು ಕೆಟ್ಟಿದೆ ಎಂದು ಕೋರ್ಟಿಗೆ ಹೋದ ಅಮೆರಿಕದ ಮಾಡರೇಟರ್‌ಗಳಿಗೆ ಫೇಸ್‌ಬುಕ್ 2020ರಲ್ಲಿ 5.2 ಕೋಟಿ ಡಾಲರ್ ಕೊಡಲು ಒಪ್ಪಿತು. ಅವರನ್ನು ಬೈದು ಪ್ರಯೋಜನ ಇಲ್ಲ. ಆದರೆ ಫೋಟೋ ತೆಗೆಯುವಾಗ ಯಾವ ನಿಯಮ ಎಂದು ಒಂದು ನಂಬರ್ ಒತ್ತುವುದು, ಅದನ್ನು ಆಟಗಾರನಿಗೆ ತೋರಿಸುವುದು ಎಷ್ಟು ಹೊತ್ತಿನ ಕೆಲಸ? ಯುರೋಪಿನಲ್ಲಿ ಡಿಜಿಟಲ್ ಸರ್ವೀಸಸ್ ಆ್ಯಕ್ಟ್ 2024ರ ಫೆಬ್ರವರಿಯಿಂದ ಪೂರ್ತಿ ಜಾರಿಗೆ ಬಂದಿದೆ. ಅಲ್ಲಿ ಏನಾದರೂ ತೆಗೆದರೆ ಕಾರಣ ಕೊಡಲೇಬೇಕು. ನಮ್ಮಲ್ಲೂ 2021ರ ಐಟಿ ನಿಯಮ ಬಂದಾಗ ಕಂಪನಿಗಳು ದೂರು ಕೇಳುವ ಅಧಿಕಾರಿಯನ್ನು ಇಡಬೇಕು ಎಂದಾಯಿತು. 50 ಲಕ್ಷಕ್ಕಿಂತ ಹೆಚ್ಚು ಜನ ಬಳಸುವ ಸೋಶಿಯಲ್ ಮೀಡಿಯಾ ತಾನಾಗಿ ಏನನ್ನಾದರೂ ತೆಗೆದರೆ ಬಳಕೆದಾರನಿಗೆ ಕಾರಣ ಹೇಳಬೇಕು ಎಂದೂ ಬಂತು. ನಮ್ಮ ಮಕ್ಕಳು ಫೇಸ್‌ಬುಕ್ಕಿನಲ್ಲಿ ಇಲ್ಲ, ಗೇಮಿಂಗ್ ಸೈಟಿನಲ್ಲಿದ್ದಾರೆ. ಅಲ್ಲಿಗೂ ಇದೇ ನಿಯಮ ಗಟ್ಟಿಯಾಗಿ ಬರಬೇಕು ಅನ್ನುವುದು ನನ್ನ ಒತ್ತಾಯ.

ಹುಡುಗನ ಪರವಾಗಿ ಸೈಟಿನ ದೂರು ಅಧಿಕಾರಿಗೆ ಮೇಲ್ ಹಾಕಿದ್ದೇನೆ. ಯಕ್ಷಗಾನ ಅಂದರೇನು ಎಂದು ಎರಡು ಪ್ಯಾರಾ, ಪ್ರಸಂಗದ ಇನ್ನೊಂದಿಷ್ಟು ಫೋಟೋ, ತಲೆಬುರುಡೆಯ ಸ್ಕ್ರೀನ್‌ಶಾಟ್ ಎಲ್ಲ ಜೊತೆಗಿದೆ. (ತಲೆಬುರುಡೆಯವನ ಹೆಸರು ಮುಚ್ಚಿಯೇ ಕಳಿಸಿದ್ದು. ಅವನದನ್ನು ತೆಗೆಸುವುದು ನನ್ನ ಉದ್ದೇಶ ಅಲ್ಲ.) ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ. ನಿಮ್ಮಲ್ಲಿ ಯಾರದಾದರೂ ವೇಷದ ಫೋಟೋ, ಮಾರಿ ಜಾತ್ರೆಯ ಫೋಟೋ, ರಂಗೋಲಿ ಫೋಟೋ ಹೀಗೆ ಹೋಗಿದ್ದರೆ ಕಾಮೆಂಟಿನಲ್ಲಿ ತಿಳಿಸಿ. ತೆಗೆದೆವು ಎಂಬ ಮೆಸೇಜ್ ಬಂದ ಕೂಡಲೇ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ದೂರು ಬರೆಯಲು ಕೂತಾಗ ಅದೊಂದೇ ಕೈಯಲ್ಲಿರುವುದು.